ಚಿಂಚೋಳಿಯ ಕೈ

ಟೆಲಿಗ್ರಾಫ್ ತಂತಿಯ ಮೇಲೆ ನಮಗ್ಯಾರಿಗೂ ಹೆಸರಿರಲಿಲ್ಲ, ಊರೇ ಹೆಸರು. ಸೇಡಂ ಇವತ್ತು ಲೀವ್, ಚಿತ್ತಾಪುರಕ್ಕೆ ಹಲ್ಲುನೋವು, ಶಹಾಬಾದ್ ಬೆಳಗಿನಿಂದ ಸಿಟ್ಟಿನಲ್ಲಿದ್ದಾರೆ ಎಂದೇ ಮಾತಾಡಿಕೊಳ್ಳುತ್ತಿದ್ದೆವು. ನಾನು ವಾಡಿ. ಆಗತಾನೆ ಎರಡು ಜಡೆಯಿಂದ ಒಂದು ಜಡೆಗೆ ಬಂದಿದ್ದ, ಸೀರೆಯ ನೆರಿಗೆಯನ್ನು ಇನ್ನೂ ಅವ್ವನಿಂದಲೇ ಹಿಡಿಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಇಡೀ ಒಂದು ರೈಲ್ವೆ ಜಂಕ್ಷನ್ನಿನ ಹೆಸರು ಹೊತ್ತು ಕುಳಿತಿದ್ದಳು ಎಂದು ನೆನೆದರೆ ಈಗ ನಗು ಬರುತ್ತದೆ. ನಗುವಿನ ಹಿಂದೆಯೇ ಇನ್ನೊಂದೇನೋ ಬರುತ್ತದೆ. ಅದಕ್ಕೆ ಸರಿಯಾದ ಇಂಗ್ಲಿಷ್ ವರ್ಡ್ ಹುಡುಕುತ್ತೇನೆ, ಸಿಗುವುದಿಲ್ಲ.

ಅಪ್ಪ ವಾಡಿಯ ಪೋಸ್ಟ್ ಆಫೀಸಿನಲ್ಲಿ ತಂತಿಯ ಕೆಲಸಕ್ಕಿದ್ದರು. ಆಫೀಸಿನ ಹಿಂದೆಯೇ ನಮ್ಮ ಕ್ವಾರ್ಟರ್ಸ್, ನಡುವೆ ಒಂದೇ ಗೋಡೆ. ಅವರು ಕಾಮಾಲೆಯಿಂದ ಹಠಾತ್ತನೆ ತೀರಿಕೊಂಡಾಗ ನನ್ನ ಕಾಲೇಜು ಅರ್ಧಕ್ಕೆ ನಿಂತಿತು. ಅವರ ಜಾಗವನ್ನು ನನಗೆ ಕೊಡಲು ಮೇಲಿನವರು ಒಪ್ಪಿದರು, ಆದರೆ ಒಂದು ಕಂಡಿಷನ್. ಮೋರ್ಸನ್ನು ಕಿವಿಯಿಂದ ಕೇಳಿ ತಪ್ಪಿಲ್ಲದೆ ಬರೆದುಕೊಳ್ಳುವ ಪರೀಕ್ಷೆ ಪಾಸಾಗಬೇಕು. ಪಾಸಾದರೆ ನೌಕರಿ ಪಕ್ಕಾ, ಕ್ವಾರ್ಟರ್ಸೂ ನಮ್ಮದೇ. ಇಲ್ಲವಾದರೆ ಎರಡೂ ಇಲ್ಲ. ಅವ್ವ ಮತ್ತು ನಾನು ಭಂಕೂರಿನ ಸೋದರಮಾವನ ಮನೆಗೆ ಹೋಗಬೇಕು. ಮಾವ ಕಲ್ಲಿನ ಕೆಲಸದವನು, ಒಳ್ಳೆಯವನು. ಅತ್ತೆಯೂ ಕೆಟ್ಟವಳಲ್ಲ. ಆದರೆ ಅವ್ವ ಆ ಮಾತು ಬಂದಾಗಲೆಲ್ಲ ಒಂದೇ ರೀತಿ ಹೇಳುತ್ತಿದ್ದಳು: "ನಾ ಅಣ್ಣನ ಮನಿಗಿ ಹಬ್ಬಕ್ಕ ಹೋಗಾಕಿ. ಗಂಟು ಕಟ್ಕೊಂಡು ಹೋಗಾಕಿ ಅಲ್ಲ."

ಮೋರ್ಸ್ ಎಂದರೆ ಈಗಿನವರು ಬೀಪ್ ಬೀಪ್ ಎಂದುಕೊಂಡಿದ್ದಾರೆ. ಅದು ವೈರ್‌ಲೆಸ್‌ನವರ ವೈಭವ. ನಮ್ಮದು ಹಿತ್ತಾಳೆಯ ಸೌಂಡರ್. ಒಂದು ಪುಟ್ಟ ಕಡ್ಡಿ ಕೆಳಗೆ ಬಿದ್ದರೆ ಟಕ್ ಅನ್ನುವುದು, ಮೇಲೆ ಎದ್ದರೆ ಟಿಕ್ ಅನ್ನುವುದು. ಟಕ್ಕಿಗೂ ಟಿಕ್ಕಿಗೂ ನಡುವೆ ಅಂತರ ಕಡಿಮೆಯಿದ್ದರೆ ಡಾಟ್, ಹೆಚ್ಚಿದ್ದರೆ ಡ್ಯಾಶ್. ಕಿವಿ ಹಿಡಿಯಬೇಕಾದದ್ದು ಆ ನಡುವಿನ ಖಾಲಿಯನ್ನು. ಸೌಂಡರಿನ ಬೆನ್ನಿಗೆ ಒಂದು ಖಾಲಿ ಸಿಗರೇಟ್ ಡಬ್ಬಿ ಸಿಕ್ಕಿಸಿದ್ದರು, ಸದ್ದು ದೊಡ್ಡದಾಗಿ ಕೇಳಲಿ ಎಂದು. ನಮ್ಮ ಮನೆಯಲ್ಲಿ ಯಾರೂ ಸಿಗರೇಟು ಸೇದುತ್ತಿರಲಿಲ್ಲ, ಆ ಡಬ್ಬಿ ಅಪ್ಪನಿಗೆ ಎಲ್ಲಿಂದ ಸಿಕ್ಕಿತೋ ಗೊತ್ತಿಲ್ಲ.

ಶಹಾಬಾದಿನ ಕಾನ್ವೆಂಟಿಗೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬಂದು ಓದಿದವಳು ನಾನು. ಬೈಹಾರ್ಟ್ ಮಾಡುವುದೆಂದರೆ ನೀರು ಕುಡಿದಷ್ಟು ಸುಲಭ. ಸಿಸ್ಟರ್‌ಗಳು ಅದನ್ನಂತೂ ಚೆನ್ನಾಗಿ ಕಲಿಸಿದ್ದರು. ಒಂದು ಭಾನುವಾರ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಎ ಇಂದ ಝಡ್‌ವರೆಗೆ ಡಾಟು ಡ್ಯಾಶುಗಳನ್ನೆಲ್ಲ ಬಾಯಿಪಾಠ ಮಾಡಿ, ಸೋಮವಾರ ಪೋಸ್ಟ್ ಮಾಸ್ಟರ ಮುಂದೆ ನಿಂತು ಒಪ್ಪಿಸಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಬರೋಬರಿ ಅದ. ಆದ್ರ ಇದು ಬಾಯೀ ವಿದ್ಯೆ ಆಯ್ತು ತಂಗಿ. ಇಲ್ಲಿ ಬಾಯಿಗಿ ಏನ್ ಕೆಲಸ? ಸೌಂಡರ್ ಮುಂದ ಕುಂದ್ರು. ಪೆನ್ಸಿಲ್ ಮುಟ್ಟಬ್ಯಾಡ. ಸುಮ್ಮ ಕೇಳು."

ಕುಳಿತೆ. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿತ್ತು. ಒಂದೇ ತಂತಿಯ ಮೇಲೆ ನಮ್ಮ ಐದು ಊರು. ಸೇಡಂ ಚಿತ್ತಾಪುರಕ್ಕೆ ಕಳಿಸಿದ್ದು ವಾಡಿಯಲ್ಲೂ ಬಡಿಯುತ್ತಿತ್ತು, ಚಿಂಚೋಳಿ ಶಹಾಬಾದಿಗೆ ಹೇಳಿದ್ದನ್ನು ಎಲ್ಲರೂ ಕೇಳುತ್ತಿದ್ದರು. ಒಂದು ಡಾಟನ್ನು ಹಿಡಿಯುವಷ್ಟರಲ್ಲಿ ಮುಂದಿನ ಮೂರು ಅಕ್ಷರ ಓಡಿಹೋಗಿರುತ್ತಿದ್ದವು. ಸಂಜೆ ತಲೆನೋವು ಬಂತು.

ಚಿಂಚೋಳಿ ಅಪ್ಪನ ಗೆಳೆಯರು. ಗೆಳೆಯರು ಎಂದರೆ, ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇಬ್ಬರೂ ಒಂದೇ ಕಾಲದಲ್ಲಿ ಕೆಲಸಕ್ಕೆ ಸೇರಿ, ವರ್ಷಾನುಗಟ್ಟಲೆ ಮಧ್ಯಾಹ್ನದ ಬಿಡುವಿನಲ್ಲಿ ತಂತಿಯ ಮೇಲೆ ಹರಟೆ ಹೊಡೆದವರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮಾತು. ನಮ್ಮ ಸಿಸ್ಟರ್‌ಗಳು ಆ ಸ್ಪೆಲ್ಲಿಂಗ್ ನೋಡಿದ್ದರೆ ಶಿಲುಬೆ ಹಿಡಿದುಕೊಳ್ಳುತ್ತಿದ್ದರು. ನಾನು ಕೆಲಸ ಕಲಿಯಲು ಬಂದ ಸುದ್ದಿ ತಿಳಿದು ಅವರು ಪೋಸ್ಟ್ ಮಾಸ್ಟರಿಗೆ ಕಳಿಸಿದ್ದನ್ನು, ಪೋಸ್ಟ್ ಮಾಸ್ಟರ್ ನನಗೆ ಓದಿ ಹೇಳಿದರು: "ಹುಡುಗಿನ್ನ ಊಟ ಆದಮ್ಯಾಲ ಸೌಂಡರ್ ಮುಂದ ಕುಂದರಸ್ರಿ. ದಿನಾ ನಾ ಕಳಸ್ತೀನಿ."

ಹಾಗೆ ಶುರುವಾಯಿತು. ಮಧ್ಯಾಹ್ನ ವಾಡಿ ಮಂಕಾಗುವ ಹೊತ್ತು. ಸಿಮೆಂಟಿನ ಧೂಳು ಬೇವಿನ ಎಲೆಗಳ ಮೇಲೆ ಕುಳಿತು, ಇಡೀ ಮರಕ್ಕೆ ವಿಭೂತಿ ಹಚ್ಚಿದ ಹಾಗೆ ಕಾಣುತ್ತಿತ್ತು. ಕೌಂಟರ್ ಮುಂದೆ ಯಾರೂ ಇಲ್ಲ. ಆಗ ಸೌಂಡರ್ ಮೆಲ್ಲಗೆ ನನ್ನನ್ನು ಕರೆಯುತ್ತಿತ್ತು. ಮೊದಲು ಒಂದೊಂದೇ ಅಕ್ಷರ, ಎಷ್ಟೋ ಸಲ. ನಾನು ಬೆರಳಿನಲ್ಲಿ ಎಣಿಸುವುದನ್ನು ಪೋಸ್ಟ್ ಮಾಸ್ಟರ್ ಕಂಡು ದೂರು ಹೇಳಿದರು. ಚಿಂಚೋಳಿಯಿಂದ ಉತ್ತರ ಬಂತು, ಅವರೇ ಓದಿದರು: "ಎಣಸಬ್ಯಾಡ ಅಂತ ಹೇಳ್ರಿ ಆಕಿಗಿ. ಅವ್ವ ಒಳಗ ರೊಟ್ಟಿ ಬಡಿಯಾಕತ್ರ ಎಷ್ಟು ಏಟು ಅಂತ ಯಾರರ ಎಣಸ್ತಾರೇನು? ರೊಟ್ಟಿ ಮುಗೀತು, ಹಂಚಿಗಿ ಹೋಯ್ತು ಅಂತ ಕಿವಿಗಿ ತಾನ ತಿಳೀತದ. ಹಂಗ ಕೇಳು ಅನ್ರಿ."

ಆ ಮಾತು ನನ್ನೊಳಗೆ ಏನು ತಿರುಗಿಸಿತೋ ಹೇಳಲಾರೆ. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ನಾನು ನಿದ್ದೆಗಣ್ಣಿನಲ್ಲಿ ಕುಳಿತಿದ್ದೆ. ಸೌಂಡರ್ ಏನೋ ಅಂದಿತು. ನಾನು ತಲೆಯೆತ್ತಿ, "ಪುಂಡಿಪಲ್ಯ" ಎಂದೆ, ಬಾಯಿಂದಲೇ. ಪೋಸ್ಟ್ ಮಾಸ್ಟರ್ ತಿರುಗಿ ನೋಡಿದರು. ಚಿಂಚೋಳಿ ಕೇಳಿದ್ದು "ಇವತ್ತೇನು ಪಲ್ಯ" ಎಂದು. ನನ್ನ ಕಿವಿಗೆ ಡಾಟೂ ಬಿದ್ದಿರಲಿಲ್ಲ, ಡ್ಯಾಶೂ ಬಿದ್ದಿರಲಿಲ್ಲ. ಒಬ್ಬ ಮನುಷ್ಯ ಕೇಳಿದ್ದ, ನಾನು ಉತ್ತರಿಸಿದ್ದೆ.

"ಅಲ್ಲಿ ಒತ್ತಿ ಹೇಳಬೇ, ನನಗ್ಯಾಕ ಹೇಳ್ತಿ!" ಎಂದು ಪೋಸ್ಟ್ ಮಾಸ್ಟರ್ ನಕ್ಕರು. ನಾನು ತಂತಿ ಕಳಿಸುವ ಕೀ ಹಿಡಿದು ಬೆವರುತ್ತ ಪುಂಡಿಪಲ್ಯ ಎಂದು ಒತ್ತಿದೆ. ಕೂಡಲೇ ತಂತಿಯ ತುಂಬ ಡಾಟುಗಳ ಸುರಿಮಳೆ. ಸೇಡಂ, ಚಿತ್ತಾಪುರ, ಶಹಾಬಾದ್, ಕದ್ದು ಕೇಳುತ್ತಿದ್ದವರೆಲ್ಲ ನಗುತ್ತಿದ್ದರು. ತಂತಿಯ ಮೇಲೆ ನಗುವುದು ಹಾಗೆ.

ಅಲ್ಲಿಂದ ಮುಂದಿನ ದಿನಗಳನ್ನು ನಾನು ಹಣ್ಣಿನ ಹಾಗೆ ಕೈಯಲ್ಲಿ ಹಿಡಿದು ನೋಡುತ್ತಿರುತ್ತೇನೆ. ಚಿಂಚೋಳಿ ನನಗೆ ತಮ್ಮ ಊರನ್ನು ಕಳಿಸುತ್ತಿದ್ದರು. ಇವತ್ತು ಸಂತೆ, ನಮ್ಮ ಕಟ್ಟೆಯ ಮೇಲೆ ಮೂರು ಆಡು ಮಲಗಿವೆ, ವಿಳಾಸ ಬರೆಸಿಕೊಳ್ಳಲು ಬಂದವರಂತೆ. ಐನಾಪುರದ ಕಡೆ ತೊಗರಿ ಹೂ ಬಿಟ್ಟಿದೆ. ಇವತ್ತು ಬಂದ ಒಬ್ಬ ಅಜ್ಜ ತಂತಿಯಲ್ಲಿ ತುಪ್ಪ ಕಳಿಸಲು ಬರುತ್ತದೇನು ಎಂದು ಕೇಳಿದ, ಬರುತ್ತದೆ, ಆದರೆ ದಾರಿಯಲ್ಲಿ ಸೇಡಂ ತಿಂದುಬಿಡುತ್ತಾನೆ ಎಂದೆ ಎನ್ನುತ್ತಿದ್ದರು. ಆಗ ಸೇಡಂ ನಡುವೆ ನುಗ್ಗಿ ಏನೋ ಬಡಿಯುತ್ತಿದ್ದ. ಬೈಗುಳ ಎಂದು ಊಹಿಸಿ ನಗುತ್ತಿದ್ದೆ, ಅರ್ಥವಾಗಿ ಅಲ್ಲ.

ಚಿಂಚೋಳಿಯ ಕೈಯಲ್ಲಿ ಒಂದು ತೂಗು ಇತ್ತು. ಪ್ರತಿ ಶಬ್ದದ ಕೊನೆಯ ಡ್ಯಾಶನ್ನು ಕೊಂಚ ಎಳೆದು ಬಿಡುತ್ತಿದ್ದರು, ಜೋಕಾಲಿ ಹಿಂದಕ್ಕೆ ಹೋಗಿ ಒಂದು ಕ್ಷಣ ನಿಂತ ಹಾಗೆ. ಅಪ್ಪನ ಕೈಯೂ ಹಾಗೆಯೇ. ಅದು ನನಗೆ ಅರ್ಥವಾಗದ ದಿನಗಳಲ್ಲೂ ಗೋಡೆಯ ಆಚೆಯಿಂದ ಕೇಳುತ್ತ ಬೆಳೆದದ್ದು. ಯಾರು ಯಾರಿಂದ ಕಲಿತರೋ, ಅಷ್ಟು ವರ್ಷ ಮಾತಾಡಿ ಮಾತಾಡಿ ಒಂದೇ ಆಯಿತೋ. ಮಧ್ಯಾಹ್ನ ಆ ಸೌಂಡರ್ ಮುಂದೆ ಕಣ್ಣು ಮುಚ್ಚಿ ಕುಳಿತರೆ ಅಪ್ಪ ಒಳಗೆ ಡ್ಯೂಟಿಯಲ್ಲಿದ್ದಾರೆ ಅನಿಸುತ್ತಿತ್ತು. ಚಿಂಚೋಳಿ ಎಷ್ಟು ವೇಗವಾಗಿ ಕಳಿಸಿದರೂ ಬರೆದುಕೊಳ್ಳುತ್ತಿದ್ದೆ. ಪರೀಕ್ಷೆಯ ಬಗ್ಗೆ ನನಗೆ ಫಿಕರ್ ಇರಲೇ ಇಲ್ಲ. ಕಾನ್ವೆಂಟಿನ ಕಾನ್ಫಿಡೆನ್ಸ್!

ಪರೀಕ್ಷೆ ಗುಲ್ಬರ್ಗಾದಲ್ಲಿ. ಪಕ್ಕದ ಕೋಣೆಯಲ್ಲಿ ಕುಳಿತ ಪರೀಕ್ಷಕರು ಕಳಿಸಬೇಕು, ಈ ಕೋಣೆಯಲ್ಲಿ ನಾನು ಬರೆಯಬೇಕು. ಪೆನ್ಸಿಲ್ ಚೂಪು ಮಾಡಿಟ್ಟುಕೊಂಡಿದ್ದೆ. ಸೌಂಡರ್ ಶುರುವಾಯಿತು.

ಆಲಿಕಲ್ಲು.

ಮೊದಲ ದಿನ ಕೇಳಿದ್ದ ಅದೇ ತಗಡು, ಅದೇ ಆಲಿಕಲ್ಲು. ಎಲ್ಲೋ ಒಂದು ಟಿ ಸಿಕ್ಕಿತು, ಒಂದು ಇ ಸಿಕ್ಕಿತು. ಮೆಷಿನ್ ಕೆಟ್ಟಿರಬೇಕು ಎಂದು ಆಚೀಚೆ ನೋಡಿದೆ. ಉಳಿದವರು ತಲೆ ಬಗ್ಗಿಸಿ ಸರಸರ ಬರೆಯುತ್ತಿದ್ದರು. ಪರೀಕ್ಷಕರು ಬಂದು ನನ್ನ ಹಾಳೆ ಎತ್ತಿ, ಹಿಂದೆ ತಿರುಗಿಸಿ ಅಲ್ಲೇನಾದರೂ ಇದೆಯೇ ಎಂದು ನೋಡಿದರು. "ಕಾನ್ವೆಂಟ್ ಮೇ ಪಢೇ ಸೋ ಬಚ್ಚಿ, ಇತ್ತಾ ಬಿ ನಹೀ ಆಯಾ?" ಎಂದರು. ಕಾನ್ವೆಂಟ್ ಓದಿದವಳು ಇಷ್ಟೂ ಬರಲಿಲ್ಲವೇ ಎಂದು. ಸಿಟ್ಟಿನಿಂದಲ್ಲ, ಮರುಕದಿಂದ, ಅದೇ ಹೆಚ್ಚು ಚುಚ್ಚಿತು. ಮಳೆಗಾಲ ಮುಗಿಯುವುದರೊಳಗೆ ಇನ್ನೊಂದು ಚಾನ್ಸ್ ಇದೆ, ಅದೇ ಕೊನೆಯದು ಎಂದರು.

ಮನೆಗೆ ಬಂದಾಗ ಅವ್ವ ನನ್ನನ್ನು ಒಮ್ಮೆ ನೋಡಿದಳು. ನನ್ನ ಮುಖದಲ್ಲೇ ಬರೆದಿತ್ತೇನೋ. ಅಟ್ಟದಿಂದ ದೊಡ್ಡ ಹಿತ್ತಾಳೆ ಕೊಡ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕುಳಿತಳು.

"ಈಗ್ಯಾಕವ್ವಾ ಅದು?"

"ಹೋಗೂದ ಆದ್ರ ಮಾಸಿದ ಕೊಡ ತಗೊಂಡು ನಿನ್ನ ಅತ್ತಿ ಮುಂದ ನಿಂದರ್ಲೇನು?"



ಮರುದಿನ ಮಧ್ಯಾಹ್ನ ಚಿಂಚೋಳಿ ಕೇಳಿದರು, ಏನಾಯಿತು ಎಂದು. ಫೇಲ್ ಎಂದು ಒತ್ತಿದೆ. ಆಮೇಲೆ ಸೇಡಂ ಏನೋ ಕಳಿಸಿದ, ನೇರ ನನಗೇ, ನನ್ನ ಊರಿನ ಕೋಡ್ ಹಾಕಿ. ಅರ್ಥವಾಗಲಿಲ್ಲ. ಮತ್ತೆ ಕಳಿಸು ಎಂದೆ. ಮತ್ತೆ ಕಳಿಸಿದ. ಆಗಲೂ ಇಲ್ಲ. ಅದೇ ಸಾಲನ್ನು ಚಿಂಚೋಳಿ ಕಳಿಸಿದರು, ಹಾಲಿನ ಹಾಗೆ ಒಳಗೆ ಇಳಿಯಿತು: "ಅಳಬ್ಯಾಡ, ನಾನೂ ಮೊದಲ ಸಲ ಫೇಲ್ ಆದಾಂವ."

ಅಷ್ಟರಲ್ಲಿ ಶಹಾಬಾದ್ ದಡಬಡ ಬಡಿಯತೊಡಗಿದರು. ಪೋಸ್ಟ್ ಮಾಸ್ಟರ್ ಹಣೆ ಚಚ್ಚಿಕೊಂಡು ಎದ್ದು ಬಂದು ನನಗೆ ಓದಿ ಹೇಳಿದರು: "ಏ ಚಿಂಚೋಳಿ, ನೀ ಹುಡುಗಿಗಿ ಮೋರ್ಸ್ ಎಲ್ಲಿ ಕಲಸಿದಿ ಮಾರಾಯ? ನಿನ್ನ ಕೈ ಒಂದ ಕಲಸಿದಿ! ಆಕಿಗಿ ನೀ ಬಿಟ್ರ ದುನಿಯಾದಾಗ ಯಾರೂ ತಿಳಿಯಂಗಿಲ್ಲ!"

ಹೌದು, ಅದೇ ಆಗಿತ್ತು. ಒಬ್ಬರ ದನಿಯನ್ನಷ್ಟೇ ಕೇಳಿ ಭಾಷೆ ಕಲಿತವಳ ಗತಿ ನನ್ನದಾಗಿತ್ತು. ಅಕ್ಷರಗಳನ್ನು ಅವರ ತೂಗಿನಿಂದ ಗುರುತಿಸುತ್ತಿದ್ದೆ. ತೂಗಿಲ್ಲದ ಕೈಯಿಂದ ಬಂದರೆ ಅವು ಅಕ್ಷರಗಳೇ ಅನಿಸುತ್ತಿರಲಿಲ್ಲ. ಉಳಿದವರು ಕೆಲಸದ ಮೇಲೆ ಕಳಿಸುವ ತಂತಿಗಳನ್ನು ಪೋಸ್ಟ್ ಮಾಸ್ಟರೇ ತೆಗೆದುಕೊಳ್ಳುತ್ತಿದ್ದರು, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ನನಗೂ.

ಚಿಂಚೋಳಿ ಕಳಿಸಿದ ಮುಂದಿನ ಮಾತನ್ನು ಯಾರೂ ಓದಿ ಹೇಳಬೇಕಾಗಲಿಲ್ಲ. "ತಪ್ಪು ನಂದು. ಇವತ್ತಿಂದ ಆಕಿ ಪಾಸ್ ಆಗೂತನಕ ನಾ ಆಕಿಗಿ ಕಳಸಂಗಿಲ್ಲ. ನೀವೆಲ್ಲಾರೂ ಪಾಳಿ ಹಚ್ಚಿ ಕಳಸ್ರಿ."

ಕೀ ಮೇಲೆ ಬೆರಳಿಟ್ಟು, "ಕಾಕಾ, ದಿನಾ ಒಂದೇ ಸಾಲು ಕಳಸ್ರಿ, ಸಾಕು" ಎಂದೆ. ಉತ್ತರ ಬರಲಿಲ್ಲ. ಮತ್ತೆ ಕರೆದೆ. ಇಲ್ಲ. ಅಪ್ಪ ತೀರಿಕೊಂಡಾಗ ಬಂದವರ ಮುಂದೆ ನಾನು ಅತ್ತಿರಲಿಲ್ಲ, ಅವ್ವನನ್ನು ಹಿಡಿದುಕೊಂಡಿದ್ದೆ. ಆ ಮಧ್ಯಾಹ್ನ ಪೋಸ್ಟ್ ಆಫೀಸಿನಲ್ಲಿ, ಸ್ಟಾಂಪು ಕೊಳ್ಳಲು ಬಂದವರು ನೋಡುತ್ತಿದ್ದಂತೆಯೇ ಅತ್ತೆ. ಪೋಸ್ಟ್ ಮಾಸ್ಟರ್ ಅವರಿಗೆ, "ನೆಗಡಿ ಆಗ್ಯಾದ ಆಕಿಗಿ, ನೀವು ಸ್ಟಾಂಪ್ ತಗೋರಿ" ಎಂದರು.

ಪಾಳಿ ಶುರುವಾಯಿತು. ಸೇಡಂ ನನಗಿಂತ ನಾಲ್ಕಾರು ವರ್ಷ ದೊಡ್ಡವನು ಅಷ್ಟೇ, ಮಾತಿನಲ್ಲಿ ಅರ್ಧ ತೆಲುಗು, ಕೈಯಲ್ಲಿ ಮುಕ್ಕಾಲು ಅವಸರ. ಡಾಟುಗಳನ್ನು ನುಂಗಿಬಿಡುತ್ತಿದ್ದ. ಪ್ರತಿ ಸಾಲಿನ ಕೊನೆಗೆ "ಏಮಮ್ಮಾ ಕಾನ್ವೆಂಟು, ತೆಲಿಸಿಂದಾ?" ತಿಳಿಯಿತೇ ಎಂದು. ತಿಳಿಯಲಿಲ್ಲ ಎಂದರೆ ಇನ್ನೂ ಜೋರಾಗಿ ಓಡುತ್ತಿದ್ದ. ಚಿತ್ತಾಪುರಕ್ಕೆ ತಂಬಾಕಿನ ಚಟ. ಒಂದು ಅಕ್ಷರದ ನಡುವೆಯೇ ಎದ್ದು ಕಿಟಕಿಯಿಂದ ಉಗುಳಿ ಬಂದು ಉಳಿದರ್ಧ ಕಳಿಸುತ್ತಿದ್ದರು. ಅಷ್ಟರಲ್ಲಿ ನಾನು ಆ ಅರ್ಧಾಕ್ಷರವನ್ನು ಬಾಯಲ್ಲಿ ನೀರಿಟ್ಟುಕೊಂಡ ಹಾಗೆ ಹಿಡಿದು ಕಾಯಬೇಕು. ಅವರು ಕಳಿಸುತ್ತಿದ್ದುದೆಲ್ಲ ತಮ್ಮ ಹಲ್ಲಿನ ಸಮಾಚಾರ. ಶಹಾಬಾದರ ಕೈ ಮಾವನ ಸುತ್ತಿಗೆಯೇ. ಡಾಟನ್ನೂ ಡ್ಯಾಶನ್ನೂ ಒಂದೇ ಬಲದಿಂದ ಕಲ್ಲೊಡೆದ ಹಾಗೆ ಒಡೆಯುತ್ತಿದ್ದರು. ಹರಟೆ ಅವರಿಗೆ ಬಾರದು, ಪೋಸ್ಟಲ್ ರೂಲ್ಸ್ ಕಳಿಸುತ್ತಿದ್ದರು. ಪಾರ್ಸೆಲ್ಲಿಗೆ ಅರಗಿನ ಮುದ್ರೆ ಎಲ್ಲೆಲ್ಲಿ ಹಾಕಬೇಕು ಎಂಬುದು ನನಗೆ ಇವತ್ತಿಗೂ ನೆನಪಿದೆ, ಥ್ಯಾಂಕ್ಸ್ ಟು ಶಹಾಬಾದ್.

ಮೊದಲ ವಾರಗಳು ನರಕ. ಸೇಡಂನ ಕೈಗೆ ಒಗ್ಗಿದರೆ ಕಿವಿ ಚಿತ್ತಾಪುರವನ್ನು ಮರೆಯುತ್ತಿತ್ತು. ಆದರೆ ಮೆಲ್ಲಮೆಲ್ಲನೆ ಮೂರೂ ಕೈಗಳ ಕೆಳಗೆ ಒಂದೇ ಎಲುಬು ಇದೆ ಎಂಬುದು ತಿಳಿಯತೊಡಗಿತು. ಅವಸರದ ಆರ್, ಉಗುಳುವ ಆರ್, ಸುತ್ತಿಗೆಯ ಆರ್, ಮೂರೂ ಆರ್. ಮಳೆ ಹಿಡಿದಾಗ ದಾರಿಯ ಕಂಬಗಳೆಲ್ಲ ನೆನೆದು ಸೌಂಡರಿನ ಸದ್ದು ಸೊರಗಿಹೋಗುತ್ತಿತ್ತು. ಆ ಸಿಗರೇಟ್ ಡಬ್ಬಿಗೆ ಕಿವಿ ಹಚ್ಚಿ ಕೇಳುತ್ತಿದ್ದೆ. ಚಿಂಚೋಳಿ ಆಡಿದ ಮಾತಿನಂತೆ ನಡೆದರು. ಮಧ್ಯಾಹ್ನದ ಪಾಳಿಯಲ್ಲಿ ಒಂದು ಡಾಟೂ ಅವರಿಂದ ಬರಲಿಲ್ಲ. ಕೇಳುತ್ತಿರುತ್ತಾರೆ ಎಂದು ನನಗೆ ಗೊತ್ತಿತ್ತು. ಸಿಟ್ಟಿನಿಂದ ಕೆಲವೊಮ್ಮೆ ಬೇಕೆಂದೇ ಚಿತ್ತಾಪುರವನ್ನು "ಕಾಕಾ, ಕಾಕಾ" ಎಂದು ಜೋರಾಗಿ ಒತ್ತಿ ಕರೆಯುತ್ತಿದ್ದೆ. ಎಷ್ಟು ಬಾಲಿಶ!

ಪರೀಕ್ಷೆ ಹತ್ತಿರವಿದ್ದಾಗ ಒಂದು ಮಧ್ಯಾಹ್ನ ಪಾಳಿಗಾಗಿ ಕಾಯುತ್ತ ಕುಳಿತಿದ್ದೆ. ತಂತಿಯ ಮೇಲೆ ಯಾವುದೋ ತಾರು ಶಹಾಬಾದಿಗೆ ಹೋಗುತ್ತಿತ್ತು. ನನಗೆ ಸಂಬಂಧವಿಲ್ಲದಿದ್ದರೂ ಕೈ ಸುಮ್ಮನಿರದೆ ಬರೆದುಕೊಂಡೆ. ಐನಾಪುರದ ತಂದೆಯೊಬ್ಬ ಶಹಾಬಾದಿನಲ್ಲಿದ್ದ ಮಗಳಿಗೆ ಕಳಿಸಿದ್ದು: ಬಫೆಲೋ ಕಾವ್ಡ್, ಕಮ್. ಎಮ್ಮೆ ಈದಿದೆ, ಬಾ. ಗಿಣ್ಣ ತಿನ್ನಲು ಮಗಳನ್ನು ತಂತಿ ಹೊಡೆದು ಕರೆಸುವ ಆ ಅಪ್ಪನನ್ನು ನೆನೆದು ನಗುತ್ತ ಪೆನ್ಸಿಲ್ ಕೆಳಗಿಟ್ಟೆ. ಐನಾಪುರ ಇರುವುದು ಚಿಂಚೋಳಿಯ ಕಡೆ ಎಂದು ಆಮೇಲೆ ಹೊಳೆಯಿತು. ಹಾಗಾದರೆ ಈಗ ಕಳಿಸಿದ್ದು ಅವರೇ.

ಅವರ ಕೈಯನ್ನು ನಾನು ಗುರುತಿಸಿರಲಿಲ್ಲ. ಆ ತೂಗು ಅಲ್ಲೇ ಇದ್ದಿರಬೇಕು, ನನ್ನ ಕಿವಿ ಅದನ್ನು ದಾಟಿ ಎಮ್ಮೆಯ ಬಳಿಗೆ ಹೋಗಿಬಿಟ್ಟಿತ್ತು. ಪಾಸಾಗುತ್ತೇನೆ ಎಂದು ಆಗ ಖಾತ್ರಿಯಾಯಿತು. ಇನ್ನು ಈ ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿದರೆ ಅಪ್ಪ ಡ್ಯೂಟಿಯಲ್ಲಿ ಇರುವುದಿಲ್ಲ ಎಂಬುದೂ ಖಾತ್ರಿಯಾಯಿತು. ಎರಡೂ ಒಟ್ಟಿಗೇ ಬಂದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಮಾಡುವ ಹಾಗಿರಲಿಲ್ಲ.

ಗುಲ್ಬರ್ಗಾದಲ್ಲಿ ಈ ಸಲ ಬೇರೆ ಪರೀಕ್ಷಕರು. ಅವರ ಕೈಯಂತೂ ಸೈಕಲ್ ಕಲಿಯುವವರ ಹಾಗೆ ಅಡ್ಡಾದಿಡ್ಡಿ. ನಾನು ಬರೆದೆ. ಅಷ್ಟೇ ಹೇಳಲಿಕ್ಕಿರುವುದು, ಅವರು ಕಳಿಸಿದರು, ನಾನು ಬರೆದೆ. ಹಾಳೆ ನೋಡಿ ತಲೆಯಾಡಿಸಿ, "ಗುಡ್" ಎಂದರು.

ಮನೆಗೆ ಬಂದು ಹೇಳಿದಾಗ ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆಗೋ ಏನೋ.

"ಖರೇನ? ಇನ್ನ ಇಲ್ಲಿಂದ ಯಾರೂ ಎಬ್ಬಸಂಗಿಲ್ಲ?"

"ಯಾರೂ ಎಬ್ಬಸಂಗಿಲ್ಲವ್ವಾ."

"ಹಂಗಾರ ಬಚ್ಚಲಕ್ಕ ಕಲ್ಲು ಹಾಕಸೂಣ. ಎಷ್ಟು ವರ್ಷ ಆ ಕೆಸರಾಗ ನಿಂತು ಜಳಕಾ ಮಾಡೂದು? ನಿಮ್ಮಪ್ಪಗ ಹೇಳಿ ಹೇಳಿ ಸಾಕಾಗಿತ್ತು. ನಾಳಿಗಿ ನಿನ್ನ ಮಾವಗ ಹೇಳಿ ಕಳಸು, ಛಲೋ ದೊಡ್ಡ ಹಾಸಗಲ್ಲು ತಗೊಂಡು ಬಾ ಅನ್ನು. ಹಬ್ಬದ ಊಟಕ್ಕ ಬಂದಂಗ ಬಾ ಅನ್ನು, ಅತ್ತಿನ್ನೂ ಕರ್ಕೊಂಡು."

ಮರುದಿನ ತಂತಿಯ ಮೇಲೆ ಪಾಸ್ ಎಂದು ಒತ್ತಿದೆ. ಡಾಟುಗಳು ಸುರಿದವು. ಸೇಡಂ "ಪೇಡಾ ಎಲ್ಲಿ, ಕಾನ್ವೆಂಟು?" ಎಂದ. ಚಿತ್ತಾಪುರ ತಮಗೆ ಪೇಡಾ ಬೇಡ, ಹಲ್ಲಿಲ್ಲ ಎಂದರು. ಶಹಾಬಾದ್, ಲೈನ್ ಖಾಲಿ ಮಾಡಿ, ಇದು ಸರ್ಕಾರಿ ತಂತಿ ಎಂದು ಎಲ್ಲರನ್ನೂ ಗದರಿಸಿದರು. ಎಲ್ಲ ತಿಳಿಯುತ್ತಿತ್ತು, ಒಬ್ಬೊಬ್ಬರದೂ. ಚಿಂಚೋಳಿಯಿಂದ ಏನೂ ಇಲ್ಲ.

ಊಟದ ಹೊತ್ತು ಕಳೆದ ಮೇಲೆ ಸೌಂಡರ್ ನನ್ನನ್ನು ಕರೆಯಿತು. ಅವರೇ. ಪೋಸ್ಟ್ ಮಾಸ್ಟರ್ ಕುರ್ಚಿಯಿಂದ ಎದ್ದು, "ನಿಂದ ಅದು, ತಗೋ" ಎಂದು ಆಚೆ ಹೋದರು. ನಾನು ಪೆನ್ಸಿಲ್ ಹಿಡಿದೆ. ಒಂದು ಆಶೀರ್ವಾದ, ಒಂದು ಶಹಬ್ಬಾಸ್, ಕನಿಷ್ಠ ಇವತ್ತೇನು ಪಲ್ಯ ಎಂಬ ಮಾತಾದರೂ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಒಂದು ತಾರು. ವಾಡಿಯ ಸಿಮೆಂಟ್ ಕೆಲಸದ ಒಬ್ಬನಿಗೆ ಅವನ ಮನೆಯವರು ಚಿಂಚೋಳಿಯಿಂದ ಕಳಿಸಿದ್ದು, ಮನೆಯ ಗೋಡೆ ಮಳೆಗೆ ಬಿದ್ದಿದೆ, ಎಲ್ಲರೂ ಕ್ಷೇಮ, ರಜೆ ಹಾಕಿ ಬಾ ಎಂದು. ಹೊರಗೆ ಜನ ನಿಂತಿದ್ದಾರೆ ಎಂಬಂತೆ, ಒಂದಿಷ್ಟೂ ದಯೆಯಿಲ್ಲದೆ, ಅಪ್ಪನಿಗೆ ಕಳಿಸುತ್ತಿದ್ದ ವೇಗದಲ್ಲಿ ಕಳಿಸಿದರು. ವಿಳಾಸ, ಒಕ್ಕಣೆ, ಸಹಿ, ಮುಗಿಯಿತು.

ಆಮೇಲೆ ಅವರು ಕಾದರು. ಕಲಿಸುವಾಗ ಅವರು ಎಂದೂ ಕಾದವರಲ್ಲ. ಹುಡುಗಿ ಹಿಡಿದಳೋ ಬಿಟ್ಟಳೋ, ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದರು. ಈಗ ಆ ಗೋಡೆ ಬಿದ್ದ ಮನೆಯವರ ಮಾತು ನನ್ನ ಕೈಯಲ್ಲಿತ್ತು, ಮುಟ್ಟಿತು ಎಂದು ನಾನು ಹೇಳುವವರೆಗೆ ಅವರು ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಒಂದು ಸಲ ಓದಿ ನೋಡಿದೆ. ಅನುಮಾನದ ಅಕ್ಷರ ಒಂದೂ ಇರಲಿಲ್ಲ. ಆರ್ ಒತ್ತಿದೆ. ಮುಟ್ಟಿತು ಎಂಬುದಕ್ಕೆ ಆ ಒಂದೇ ಅಕ್ಷರ ಸಾಕು. ಅವರು ಕೂಡಲೇ ಲೈನ್ ಬಿಟ್ಟುಕೊಟ್ಟರು.

ತಾರಿನ ಹಾಳೆ ಮಡಿಚಿ ಲಕೋಟೆಗೆ ಹಾಕಿ, ಮೇಲೆ ಹೊತ್ತು ಬರೆದು, ಮುದ್ರೆ ಒತ್ತಿ ಡೆಲಿವರಿಯವನಿಗೆ ಕೊಟ್ಟೆ. ಅವನು ಸೈಕಲ್ ಹತ್ತುತ್ತ, "ಏನರ ಕೆಟ್ಟದ್ದೇನ್ರೀ ಅಕ್ಕೋರೆ?" ಎಂದು ಕೇಳಿದ. ಅಪ್ಪನನ್ನೂ ಹೀಗೇ ಕೇಳುತ್ತಿದ್ದ.

"ಗೋಡಿ ಬಿದ್ದದ, ಮಂದಿ ಆರಾಮ ಅದಾರ. ಮೊದಲ ಅದನ್ನ ಹೇಳು, ಆಮ್ಯಾಲ ಲಕೋಟಿ ಕೊಡು" ಎಂದೆ.